ಇಪ್ಪತ್ತು ನಿಮಿಷದ ಅಕ್ಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಹೃದಯ ವಿಭಾಗದ ಮೂರನೇ ಮಹಡಿಯ ಕಾರಿಡಾರಿನಲ್ಲಿ ದೀಪಗಳು ಅರ್ಧ ಮಾತ್ರ ಉರಿಯುತ್ತಿವೆ, ಒರೆಸಿದ ನೆಲ ಇನ್ನೂ ಆರಿಲ್ಲ. ಏಳನೇ ಹಾಸಿಗೆಯ ಪಕ್ಕ ವಾರ್ಡಿನವರೆಲ್ಲ ಅಕ್ಕ ಎನ್ನುವ ಗಿಡ್ಡನೆಯ ಹೆಂಗಸೊಬ್ಬರು ಗಿಡ್ಡ ಸ್ಟೂಲೊಂದನ್ನು ಕಾಲಿನಿಂದಲೇ ಸರಿಸಿಕೊಂಡು ಹತ್ತುತ್ತಾರೆ. ರೋಗಿಯ ತೊಡೆಸಂದಿಯ ಮೇಲೆ ಎಡಗೈಯ ಮೂರು ಬೆರಳಿಟ್ಟು, ಅದರ ಮೇಲೆ ಬಲಗೈ ಹೇರಿ, ಮೊಣಕೈ ಬಾಗದಂತೆ ನಿಲ್ಲುತ್ತಾರೆ. "ಹೂಂ, ಎಳೀರಿ ಡಾಕ್ಟ್ರೇ" ಎಂದ ಕೂಡಲೇ ಕಿರಿಯ ವೈದ್ಯರು ಪೆನ್ಸಿಲಿಗಿಂತ ತೆಳ್ಳನೆಯ ಪ್ಲಾಸ್ಟಿಕ್ ನಳಿಕೆಯನ್ನು ರಕ್ತನಾಳದಿಂದ ಹೊರಗೆಳೆಯುತ್ತಾರೆ. ಅದೇ ಗಳಿಗೆಗೆ ಅಕ್ಕನ ಮೈಭಾರವೆಲ್ಲ ಆ ಮೂರು ಬೆರಳುಗಳ ಮೇಲೆ ಇಳಿಯುತ್ತದೆ.

ಹಾಸಿಗೆಯಲ್ಲಿರುವಾಕೆ ಹೊಲಿಗೆ ಅಂಗಡಿ ನಡೆಸುವವರು. ಹೃದಯದ ಚಿಕಿತ್ಸೆ ನಿನ್ನೆ ಸಂಜೆಯೇ ಮುಗಿದಿದೆ. ರಕ್ತ ತೆಳುವಾಗಲೆಂದು ಕೊಟ್ಟ ಔಷಧಿಯ ಪ್ರಭಾವ ಪೂರ್ತಿ ಇಳಿಯಲಿ ಎಂದು ನಳಿಕೆಯನ್ನು ಬೆಳಗಿನವರೆಗೆ ಹಾಗೇ ಬಿಟ್ಟಿದ್ದರು.

"ಎಷ್ಟು ಹೊತ್ತು ಒತ್ತಬೇಕಮ್ಮಾ?"

"ಇಪ್ಪತ್ತು ನಿಮಿಷ. ನೀವು ಮಾತಾಡ್ತಾ ಇರಿ."

"ಏನಂತ ಮಾತಾಡ್ಲಿ?"

"ಯಾರ ಮೇಲಾದ್ರೂ ದೂರು ಹೇಳಿ. ಅತ್ತೆ ಇದ್ದಾರಾ?"

"ತೀರಿಕೊಂಡು ಹನ್ನೆರಡು ವರ್ಷ ಆಯ್ತು."

"ಪರವಾಗಿಲ್ಲ, ಹಳೇದನ್ನೇ ಹೇಳಿ."

ಹೊಲಿಗೆಯಾಕೆಗೆ ನಗು ತಡೆಯಲಾಗುವುದಿಲ್ಲ. ನಕ್ಕರೆ ಹೊಟ್ಟೆ ಅಲುಗಿ ಒತ್ತಿದ ಜಾಗ ಜಾರುತ್ತದೆ ಎಂದು ಅಕ್ಕ ಹುಸಿಕೋಪದಿಂದ ಗದರುತ್ತಾರೆ. ಮಾತಾಡಿಸುವುದು ಬರೀ ಹೊತ್ತು ಕಳೆಯಲಿಕ್ಕಲ್ಲ. ತೊಡೆಸಂದಿಯನ್ನು ಹೀಗೆ ಅದುಮಿದಾಗ ಕೆಲವರಿಗೆ ನಾಡಿ ದಿಢೀರನೆ ಕುಸಿದು ಕಣ್ಣು ಕತ್ತಲಿಡುತ್ತದೆ. ಮಾನಿಟರು ಗಂಟೆ ಬಾರಿಸುವುದಕ್ಕೆ ಮೊದಲೇ ರೋಗಿಯ ಮಾತು ತೊದಲುತ್ತದೆ ಎನ್ನುವುದು ಅಕ್ಕ ಕೆಲಸದಲ್ಲೇ ಕಂಡುಕೊಂಡ ಸತ್ಯ.

ಹೃದಯ ಬಡಿಯುವುದು ತನ್ನದೇ ವಿದ್ಯುತ್ತಿನಿಂದ. ಕೆಲವರಲ್ಲಿ ಆ ವಿದ್ಯುತ್ತು ಹರಿಯಲು ಬೇಡದ ಒಂದು ಅಡ್ಡದಾರಿ ಹುಟ್ಟಿನಿಂದಲೇ ಇರುತ್ತದೆ, ಕೆಲವರಲ್ಲಿ ವಯಸ್ಸಾದಂತೆ ಹೃದಯದ ಯಾವುದೋ ಮೂಲೆ ತನ್ನಿಷ್ಟದಂತೆ ಮಿಡಿಯತೊಡಗುತ್ತದೆ. ಸುಮ್ಮನೆ ಕೂತಿದ್ದವರ ಎದೆ ಇದ್ದಕ್ಕಿದ್ದಂತೆ ನಿಮಿಷಕ್ಕೆ ಇನ್ನೂರು ಸಲ ಹೊಡೆದುಕೊಳ್ಳುತ್ತದೆ. ಇದಕ್ಕಿರುವ ಚಿಕಿತ್ಸೆಗಳಲ್ಲಿ ಒಂದು ಅಬ್ಲೇಶನ್. ತೊಡೆಸಂದಿಯ ರಕ್ತನಾಳಕ್ಕೆ ನಳಿಕೆ ತೂರಿಸಿ, ಅದರೊಳಗಿಂದ ತೆಳುವಾದ ತಂತಿಗಳನ್ನು ಹೃದಯದವರೆಗೆ ಕಳಿಸಿ, ತಪ್ಪು ಮಾಡುತ್ತಿರುವ ಜಾಗವನ್ನು ಹುಡುಕಿ, ಅಷ್ಟನ್ನು ಮಾತ್ರ ಸುಡುತ್ತಾರೆ. ಬಹಳ ಜನರಿಗೆ ಅಲ್ಲಿಗೆ ಕಾಟ ಮುಗಿಯಿತು.

ಆದರೆ ಒಪ್ಪಿಗೆ ಪತ್ರದ ಎರಡನೇ ಪುಟವನ್ನು ಓದಿದವರ ಕೈ ಒಂದು ಕ್ಷಣ ನಿಲ್ಲುತ್ತದೆ. ತಂತಿ ತಗುಲಿ ಹೃದಯದ ಗೋಡೆ ತೂತಾಗಬಹುದು. ರಕ್ತದ ಹೆಪ್ಪು ಮಿದುಳಿಗೆ ಹೋಗಿ ಪಾರ್ಶ್ವವಾಯು ಬಡಿಯಬಹುದು. ಸರಿಯಾದ ದಾರಿಯೇ ಸುಟ್ಟುಹೋಗಿ ಜೀವನಪರ್ಯಂತ ಪೇಸ್‌ಮೇಕರ್ ಬೇಕಾಗಬಹುದು. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಸೋರಬಹುದು. ಇವೆಲ್ಲ ಅಪರೂಪ, ಜೀವಕ್ಕೇ ಕುತ್ತು ಬರುವುದು ಇನ್ನೂ ಅಪರೂಪ. ಆ ಪಟ್ಟಿಯಲ್ಲಿ ಕೊನೆಯದಾಗಿ, ಸಣ್ಣ ಅಕ್ಷರದಲ್ಲಿ ಇರುವ ರಕ್ತಸ್ರಾವ ಅಕ್ಕನ ಪಾಲಿಗೆ ಬಂದ ಕೆಲಸ.

ಮಹಿಳಾ ರೋಗಿಗಳಿಗೆಲ್ಲ ಒತ್ತುವವರು ಅವರೇ. ಹದಿನೆಂಟು ವರ್ಷದ ಹಿಂದೆ ಬೆಡ್‌ಪ್ಯಾನ್ ತೊಳೆಯುವ ಆಯಾ ಆಗಿ ಸೇರಿದವರು. ಆಗ ಗಂಡಾಳುಗಳೇ ಎಲ್ಲರಿಗೂ ಒತ್ತುತ್ತಿದ್ದರು. ನಾಚಿಕೆಯಿಂದ ಮೈ ಬಿಗಿಹಿಡಿದು, ಕಣ್ಣು ಮುಚ್ಚಿ ಅಳುತ್ತಿದ್ದ ಹೆಂಗಸೊಬ್ಬಳನ್ನು ನೋಡಲಾರದೆ "ನನಗೆ ಹೇಳಿಕೊಡಿ, ನಾನು ಒತ್ತುತ್ತೇನೆ" ಎಂದು ಮುಂದೆ ಬಂದರು. ಕಲಿಯಲು ನಾಲ್ಕು ತಿಂಗಳು ಹಿಡಿಯಿತು. ಚರ್ಮದ ಮೇಲೆ ಕಾಣುವ ತೂತು ಒಂದು ಕಡೆ, ಒಳಗೆ ರಕ್ತನಾಳದ ತೂತು ಅದಕ್ಕಿಂತ ಎರಡು ಬೆರಳು ಮೇಲೆ. ಒತ್ತಬೇಕಾದದ್ದು ಕಾಣದ ತೂತನ್ನು. ರಕ್ತ ನಿಂತಿದೆಯೋ ಎಂದು ನಡುವೆ ಕೈಯೆತ್ತಿ ಇಣುಕಿದರೆ ಕಟ್ಟಿಕೊಂಡ ಹೆಪ್ಪು ಕಿತ್ತು ಬಂದು ಮತ್ತೆ ಮೊದಲಿನಿಂದ ಶುರು.

ದಿನಕ್ಕೆ ನಾಲ್ಕು, ಕೆಲವೊಮ್ಮೆ ಆರು. ಇದುವರೆಗೆ ಎಷ್ಟಾಗಿರಬಹುದು ಎಂದರೆ "ಎಣಿಸಿದೋರು ಯಾರು? ಹದಿನೈದು ಸಾವಿರ ದಾಟಿರಬೇಕು" ಎನ್ನುತ್ತಾರೆ. ಲಿಫ್ಟಿನ ಎದುರಿನ ಗೋಡೆಯಲ್ಲಿ ತಜ್ಞ ವೈದ್ಯರ ಫೋಟೋಗಳಿವೆ, ಯಂತ್ರಗಳ ಫೋಟೋ ಕೂಡ ಇದೆ. ಹದಿನೈದು ಸಾವಿರ ತೂತುಗಳನ್ನು ಮುಚ್ಚಿದ ಬೆರಳುಗಳ ಫೋಟೋ ತೆಗೆಯಬೇಕೆಂದು ಯಾರಿಗೂ ಹೊಳೆದಿಲ್ಲ. ಈಗ ಆ ಕೈಗಳ ಹೆಬ್ಬೆರಳ ಬುಡದಲ್ಲಿ ಸವೆತ. ರಾತ್ರಿ ಬಿಸಿನೀರಿನಲ್ಲಿ ಕೈ ಅದ್ದಿ ಕೂರುತ್ತಾರೆ. "ಊರೋರ ರಕ್ತ ನಿಲ್ಲಿಸ್ತಾಳೆ, ಮನೇಲಿ ಒಂದು ಡಬ್ಬಿ ಮುಚ್ಚಳ ತೆಗೆಯೋಕೆ ನಾನೇ ಬೇಕು" ಎಂದು ಯಜಮಾನರು ಬಂದವರೆದುರು ಹೇಳಿ ಕಾಲೆಳೆಯುತ್ತಾರೆ. ಹೇಳುತ್ತಲೇ ಡಬ್ಬಿ ತೆಗೆದುಕೊಡುತ್ತಾರೆ.

ವಾರ್ಡಿನಲ್ಲಿ ಅವರಿಗೆ ಇನ್ನೊಂದು ಹೆಸರೂ ಇದೆ, ಬೆನ್ನುನೋವಿನ ಅಕ್ಕ. ಒತ್ತಿದ ಮೇಲೆ ರೋಗಿ ಆರು ಗಂಟೆ ಕಾಲು ಮಡಚದೆ ಅಂಗಾತ ಮಲಗಿರಬೇಕು. ಹಾಗೆ ಮಲಗಿದವರಲ್ಲಿ ಹತ್ತಕ್ಕೆ ಎಂಟು ಜನ ಬೆನ್ನು ನೋವೆನ್ನುತ್ತಾರೆ. ಅಂಥ ಪ್ರತಿಯೊಬ್ಬರಿಗೂ ಅಕ್ಕ ಡ್ಯೂಟಿ ಡಾಕ್ಟರನ್ನು ಕರೆಸಿಯೇ ತೀರುತ್ತಾರೆ. ಊಟದ ತಟ್ಟೆಯ ಮುಂದೆ ಕೂತವರನ್ನೂ ಎಬ್ಬಿಸಿಕೊಂಡು ಬರುತ್ತಾರೆ. "ಮತ್ತೆ ಬೆನ್ನಾ ಅಕ್ಕಾ?" ಎಂದು ಹುಡುಗ ವೈದ್ಯರು ಕೈಮುಗಿಯುತ್ತಾರೆ. ಕಳೆದ ವರ್ಷ ತಮಾಷೆಗೆಂದು ಒಬ್ಬರು ಐದಾರು ತಿಂಗಳು ಲೆಕ್ಕವಿಟ್ಟರು, ಕರೆಸಿದ್ದು ನಾನೂರ ಹನ್ನೊಂದು ಸಲ. ನಾನೂರ ಎಂಟು ಸಲ ಬರೀ ಬೆನ್ನುನೋವು. ಉಳಿದ ಮೂವರಿಗೆ ಒಳಗೊಳಗೇ ರಕ್ತ ಸೋರುತ್ತಿತ್ತು. ಮೂವರೂ ನಡೆದುಕೊಂಡು ಮನೆಗೆ ಹೋದರು. ಲೆಕ್ಕ ಇಟ್ಟ ವೈದ್ಯರು ಅಂದಿನಿಂದ ತಮಾಷೆ ಮಾಡಿಲ್ಲ.

ಈ ಹಟ ಎಲ್ಲಿಂದ ಬಂತು ಎನ್ನುವುದನ್ನು ಅಕ್ಕ ಆರು ವರ್ಷ ಯಾರಿಗೂ ಹೇಳಿರಲಿಲ್ಲ, ಯಜಮಾನರಿಗೂ.

ಆರು ವರ್ಷದ ಹಿಂದೆ ನಲವತ್ತೈದು ದಾಟದ ಹೆಂಗಸೊಬ್ಬರು ಅಬ್ಲೇಶನ್‌ಗೆ ಬಂದರು. ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದವರು, ಗಂಡನದು ಕನ್ನಡಕದ ಅಂಗಡಿ. ಚಿಕಿತ್ಸೆ ಚೆನ್ನಾಗಿಯೇ ಆಯಿತು. ಅಕ್ಕ ನಳಿಕೆ ತೆಗೆಸಿ, ಇಪ್ಪತ್ತು ನಿಮಿಷ ಒತ್ತಿ, ಹತ್ತಿಬಟ್ಟೆ ಒಣಗಿರುವುದನ್ನು ನೋಡಿ, ಪಟ್ಟಿ ಕಟ್ಟಿದರು. ಕೈ ತೊಳೆದು ಹೊರಡುವಾಗ ಆಕೆ, "ಅಕ್ಕಾ, ಬೆನ್ನು ಯಾಕೋ ತುಂಬಾ ನೋಯ್ತಿದೆ" ಎಂದರು.

"ಎಲ್ಲರೂ ಹಾಗೇ ಹೇಳ್ತಾರಮ್ಮಾ. ಸ್ವಲ್ಪ ತಡ್ಕೊಳ್ಳಿ" ಎಂದು ಅಕ್ಕ ಹೇಳಿದರು. ಅದು ಸುಳ್ಳೂ ಆಗಿರಲಿಲ್ಲ. ಸಾವಿರಾರು ಜನರಿಗೆ ಹಾಗೆ ಹೇಳಿ, ಸಾವಿರಾರು ಜನರೂ ಮರುದಿನ ಎದ್ದು ಓಡಾಡಿದ್ದರು. ಹೊಸಬರಾಗಿದ್ದರೆ ಹೆದರಿ ಯಾರನ್ನಾದರೂ ಕರೆಯುತ್ತಿದ್ದರೇನೋ. ಅಕ್ಕನಿಗೆ ಅನುಭವ ಇತ್ತು, ಕರೆಯಲಿಲ್ಲ.

ಸೂಜಿ ರಕ್ತನಾಳವನ್ನು ಇರಬೇಕಾದದ್ದಕ್ಕಿಂತ ಸ್ವಲ್ಪ ಮೇಲೆ ಚುಚ್ಚಿತ್ತು. ಅಂಥ ತೂತಿನ ರಕ್ತ ಹೊರಗೆ ಬರುವುದಿಲ್ಲ, ಹೊಟ್ಟೆಯ ಹಿಂಭಾಗಕ್ಕೆ ಇಳಿಯುತ್ತದೆ. ಪಟ್ಟಿ ಒಣಗಿಯೇ ಇರುತ್ತದೆ, ಬೆನ್ನು ಮಾತ್ರ ನೋಯುತ್ತದೆ. ಎರಡು ಗಂಟೆಯಾದ ಮೇಲೆ ಆಕೆಯ ರಕ್ತದೊತ್ತಡ ಪಾತಾಳಕ್ಕಿಳಿಯಿತು. ಆಪರೇಶನ್ ಥಿಯೇಟರಿಗೆ ಒಯ್ದರು. ಅಕ್ಕ ಪಾಳಿ ಮುಗಿದರೂ ಮನೆಗೆ ಹೋಗದೆ ಕನ್ನಡಕದಂಗಡಿಯವರ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದರು. ಮರುದಿನ ಮಧ್ಯಾಹ್ನ ಆಕೆ ಹೋಗಿಬಿಟ್ಟರು. ವಿಚಾರಣೆ ನಡೆಯಿತು. ಮೊದಲೇ ತಿಳಿಸಿದ್ದ ಅಪಾಯಗಳಲ್ಲಿ ಇದೂ ಒಂದು, ಯಾರದೂ ತಪ್ಪಿಲ್ಲ ಎಂದು ವರದಿ ಬಂತು. ಒತ್ತಿದ್ದು ಸರಿಯಾಗಿತ್ತೇ ಎಂದು ಅಕ್ಕನನ್ನು ಕೇಳಿದರು, ಸರಿಯಾಗಿಯೇ ಇತ್ತು. ರೋಗಿ ಏನಾದರೂ ಹೇಳಿದರೇ ಎಂದು ಯಾರೂ ಕೇಳಲಿಲ್ಲ, ಅಕ್ಕನೂ ಬಾಯಿ ಬಿಡಲಿಲ್ಲ. "ಕೆಲಸ ಹೋಗುತ್ತೆ ಅಂತ ಹೆದರಿದೆ. ಸುಳ್ಳು ಯಾಕೆ ಹೇಳ್ಲಿ, ಆಗ ಅದೇ ಹೆದರಿಕೆ" ಎನ್ನುತ್ತಾರೆ. ಹೇಳುವಾಗ ತಲೆ ತಗ್ಗಿಸುವುದಿಲ್ಲ, ಆದರೆ ಕಣ್ಣು ತುಂಬಿಕೊಳ್ಳುತ್ತದೆ.

ಕೆಲಸಕ್ಕೆ ಏನೂ ಆಗಲಿಲ್ಲ, ಅದೇ ದೊಡ್ಡ ಶಿಕ್ಷೆಯಾಯಿತು. ಕನ್ನಡಕದಂಗಡಿಯವರು ಆರು ತಿಂಗಳಿಗೊಮ್ಮೆ ರಕ್ತದೊತ್ತಡದ ಮಾತ್ರೆ ಬರೆಸಿಕೊಳ್ಳಲು ಕೆಳಗಿನ ಹೊರರೋಗಿ ವಿಭಾಗಕ್ಕೆ ಬರುತ್ತಾರೆ. ಬಂದವರು ಅಕ್ಕನನ್ನು ನೋಡಲೆಂದೇ ಮೂರು ಮಹಡಿ ಹತ್ತುತ್ತಾರೆ. "ಆ ದಿನ ನನ್ನ ಜೊತೆ ಕೂತಿದ್ದೋರು ನೀವೊಬ್ರೇ" ಎಂದು ಕೈಮುಗಿಯುತ್ತಾರೆ. ಆಮೇಲೆ "ಕನ್ನಡಕ ಕೊಡಿ ಇಲ್ಲಿ" ಎಂದು ಇಸಿದುಕೊಂಡು, ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಸಡಿಲಾದ ತಿರುಪು ಬಿಗಿದು, ಗಾಜು ಒರೆಸಿ ವಾಪಸು ಕೊಡುತ್ತಾರೆ. ಅಷ್ಟು ಹೊತ್ತು ಅಕ್ಕನಿಗೆ ಎದುರಿನವರ ಮುಖ ಮಸುಕು. ಅದೊಂದು ಪುಣ್ಯ ಎಂದುಕೊಂಡು ನಿಂತಿರುತ್ತಿದ್ದರು. ಅವರು ಮೆಟ್ಟಿಲಿಳಿದು ಹೋದ ಮೇಲೆ ಬಟ್ಟೆಗಳನ್ನಿಡುವ ಕೋಣೆಗೆ ಹೋಗಿ ಅತ್ತು ಬರುತ್ತಿದ್ದರು.

ಹೋದ ತಿಂಗಳು ಅವರು ಒಬ್ಬರೇ ಬರಲಿಲ್ಲ, ಜೊತೆಗೆ ಮಗಳಿದ್ದಳು. ಇಪ್ಪತ್ಮೂರು ವರ್ಷ, ಲಿಫ್ಟ್ ರಿಪೇರಿ ಕಂಪನಿಯಲ್ಲಿ ಮೆಕ್ಯಾನಿಕ್. ಬಹುಮಹಡಿ ಕಟ್ಟಡವೊಂದರಲ್ಲಿ ಲಿಫ್ಟಿನ ಪೆಟ್ಟಿಗೆಯ ಮೇಲೆ ನಿಂತು ಹಗ್ಗ ಪರೀಕ್ಷಿಸುತ್ತಿದ್ದಾಗ ಎದೆ ಹುಚ್ಚೆದ್ದು ಬಡಿದು ಕಣ್ಣಿಗೆ ಕತ್ತಲೆ ಬಂದಿದೆ. ಅಲ್ಲೇ ಕುಸಿದು ಕೂತು ಬಚಾವಾಗಿದ್ದಾಳೆ. ಪರೀಕ್ಷಿಸಿದರೆ ತಾಯಿಗಿದ್ದ ಅಡ್ಡದಾರಿಯೇ ಮಗಳಲ್ಲೂ ಇದೆ. ಒಂದೇ ಮನೆಯಲ್ಲಿ ಇಬ್ಬರಿಗೆ ಇದು ಬರುವುದು ಅಪರೂಪ, ಆದರೂ ಉಂಟು. ಚಿಕಿತ್ಸೆಯಾಗದೆ ಆ ಕೆಲಸಕ್ಕೆ ಮರಳುವಂತಿಲ್ಲ. ಬಿಟ್ಟರೂ ಅಪಾಯ, ಮಾಡಿಸಿದರೂ ಭಯ.

"ಮಾಡಿಸೋಣ ಅಂತ ಧೈರ್ಯ ಮಾಡಿದ್ದೀನಿ. ಒಂದೇ ಮಾತು, ಅಬ್ಲೇಶನ್ ಯಾರಾದ್ರೂ ಮಾಡ್ಲಿ, ಒತ್ತೋದು ಮಾತ್ರ ನೀವೇ ಆಗ್ಬೇಕು. ನಿಮ್ಮನ್ನ ಬಿಟ್ಟು ಇನ್ಯಾರನ್ನೂ ನಂಬಲ್ಲ ಅಕ್ಕಾ" ಎಂದರು ಕನ್ನಡಕದಂಗಡಿಯವರು.

ನೋಡೋಣ ಎಂದಷ್ಟೇ ಹೇಳಿ ಅಕ್ಕ ಒಳಗೆ ಹೋದರು. ಹೂಂ ಎಂದರೆ ಮುಗಿದಿತ್ತು. ನಿವೃತ್ತಿಗೆ ಇನ್ನು ಎರಡೇ ವರ್ಷ. ನಿಜ ಹೇಳಿದರೆ ಅವರು ದೂರು ಕೊಡಬಹುದು. ಅದಕ್ಕಿಂತ ಹೆಚ್ಚಾಗಿ, ಹೆದರಿ ಮಗಳ ಚಿಕಿತ್ಸೆಯನ್ನೇ ಕೈಬಿಟ್ಟರೆ? ಆ ಹುಡುಗಿ ಮತ್ತೆ ಲಿಫ್ಟಿನ ಮೇಲೆ ಹತ್ತಿದರೆ? ನಾಲ್ಕು ದಿನ ಮನೆಯಲ್ಲಿ ಸರಿಯಾಗಿ ಊಟ ಮಾಡಲಿಲ್ಲ. ಯಜಮಾನರು ಏನಾಯಿತೆಂದು ಕೇಳಿದಾಗ ಮೊದಲ ಸಲ ಎಲ್ಲವನ್ನೂ ಹೇಳಿಬಿಟ್ಟರು. ಯಾವಾಗಲೂ ಕಾಲೆಳೆಯುವ ಮನುಷ್ಯ ಅಂದು ನಗಲಿಲ್ಲ. "ಅವರು ನಿನ್ನನ್ನ ನಂಬಿ ಮಗಳನ್ನ ಕೊಡ್ತಿದ್ದಾರೆ. ಗೊತ್ತಿದ್ದು ಕೊಡ್ಲಿ" ಎಂದಷ್ಟೇ ಹೇಳಿದರು.

ಚಿಕಿತ್ಸೆಯ ಹಿಂದಿನ ದಿನ, ಮಗಳನ್ನು ವಾರ್ಡಿಗೆ ಸೇರಿಸಿದ ಮೇಲೆ, ಕುಡಿಯುವ ನೀರಿನ ಯಂತ್ರದ ಪಕ್ಕ ಅಕ್ಕ ಅವರನ್ನು ನಿಲ್ಲಿಸಿಕೊಂಡರು. ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

"ನಿಮ್ಮ ಹೆಂಡತಿ ಅವತ್ತು ಬೆನ್ನು ನೋಯ್ತಿದೆ ಅಂತ ನನಗೆ ಹೇಳಿದ್ರು. ಎಲ್ಲರೂ ಹಾಗೇ ಹೇಳ್ತಾರೆ ಅಂದುಬಿಟ್ಟೆ. ಡಾಕ್ಟ್ರನ್ನ ಕರೀಲಿಲ್ಲ. ಕರೆದಿದ್ರೆ ಉಳೀತಿದ್ರೇನೋ. ಈಗ ನೀವೇ ಹೇಳಿ, ನಾಳೆ ನಿಮ್ಮ ಮಗಳನ್ನ ನಾನು ಮುಟ್ಟಬಹುದಾ?"

ಅವರು ಕೈಯಲ್ಲಿದ್ದ ನೀರಿನ ಲೋಟವನ್ನು ಯಂತ್ರದ ಮೇಲಿಟ್ಟರು. ಬಯ್ಯುತ್ತಾರೆಂದು ಅಕ್ಕ ಕಾದರು. ಬಯ್ದಿದ್ದರೆ ಹಗುರಾಗುತ್ತಿತ್ತು.

"ನನಗೂ ಹೇಳಿದ್ಲು" ಎಂದರು ಅವರು.

ಅಕ್ಕನಿಗೆ ತಕ್ಷಣ ಅರ್ಥವಾಗಲಿಲ್ಲ.

"ನೀವು ಹೋದ ಮೇಲೆ ಐದು ನಿಮಿಷ ನನ್ನನ್ನ ಒಳಗೆ ಬಿಟ್ರು. ಬೆನ್ನು ತಡೆಯೋಕಾಗ್ತಿಲ್ಲ ಅಂದ್ಲು. ಹೀಗೆ ಮಲಗಿದ್ರೆ ಯಾರಿಗಾದ್ರೂ ನೋಯಲ್ವಾ, ಹಟ ಮಾಡ್ಬೇಡ ಅಂದೆ. ಅಂದು ಕೆಳಗೆ ಹೋಗಿ ಟೀ ಕುಡಿದೆ ಅಕ್ಕಾ. ಎರಡು ಟೀ ಕುಡಿದೆ." ಅವರು ಯಂತ್ರದ ಮೇಲಿಟ್ಟ ಲೋಟವನ್ನು ಮತ್ತೆ ಕೈಗೆತ್ತಿಕೊಂಡರು. "ನಿಮಗೆ ಒಂದು ಮಾತು ಹೇಳಿದ್ದಿದ್ರೆ ನೀವು ಓಡಿ ಹೋಗಿ ಡಾಕ್ಟ್ರನ್ನ ಕರ್ಕೊಂಡು ಬರ್ತಿದ್ರಿ ಅಂತ ಆರು ವರ್ಷದಿಂದ ಅಂದ್ಕೊಳ್ತಾನೇ ಇದ್ದೀನಿ. ಪ್ರತಿ ಸಲ ಮೂರು ಮಹಡಿ ಹತ್ತಿ ಬರ್ತಿದ್ದಿದ್ದು ಇದನ್ನ ಹೇಳೋಕೆ. ನಿಮ್ಮ ಮುಖ ನೋಡಿದ್ರೆ ಬಾಯಿ ಬರ್ತಿರಲಿಲ್ಲ, ಕನ್ನಡಕ ಕೊಡಿ ಅಂತಿದ್ದೆ."

ಆಸ್ಪತ್ರೆಯ ಕಾರಿಡಾರಿನಲ್ಲಿ ಅಳುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಇಬ್ಬರೂ ನಿಂತಲ್ಲೇ ಅತ್ತರು. ಹೋಗುವ ಮುಂಚೆ ಅವರು ಹೇಳಿದ್ದು ಇಷ್ಟೇ: "ನಾಳೆ ನೀವೇ ಒತ್ತಬೇಕು. ಬೆನ್ನಿನ ವಿಷಯ ನಿಮ್ಮಷ್ಟು ಇನ್ಯಾರಿಗೂ ಗೊತ್ತಿಲ್ಲ."

ಮರುದಿನ ಹನ್ನೊಂದಕ್ಕೆ ಹುಡುಗಿಯನ್ನು ಒಳಗೆ ಕರೆದೊಯ್ದರು. ಅಡ್ಡದಾರಿ ಸಿಕ್ಕಿತು, ಸುಟ್ಟರು. ಅದು ಮತ್ತೆ ತಲೆಯೆತ್ತುವುದೂ ಉಂಟಂತೆ, ಕಾದು ನೋಡಬೇಕು. ಮಧ್ಯಾಹ್ನ ನಳಿಕೆ ತೆಗೆಯುವಾಗ ಅಕ್ಕ ಸ್ಟೂಲು ಹತ್ತಿದರು. ಬೆರಳಿಡುವ ಜಾಗವನ್ನು ಮತ್ತೊಮ್ಮೆ ತಡವಿ ನೋಡಿಕೊಂಡರು. ಎರಡೆರಡು ನಿಮಿಷಕ್ಕೆ "ಬೆನ್ನು ಹೇಗಿದೆ ಮಗೂ?" ಎಂದು ಕೇಳಿದರು. "ಆಂಟಿ, ಇನ್ನೊಂದ್ಸಲ ಬೆನ್ನು ಅಂದ್ರೆ ನಾನು ಎದ್ದು ಓಡಿಹೋಗ್ತೀನಿ" ಎಂದಳು ಹುಡುಗಿ. ಸಂಜೆ ನಿಜವಾಗಿಯೂ ಬೆನ್ನು ನೋಯುತ್ತಿದೆ ಎಂದಳು. ಡ್ಯೂಟಿ ಡಾಕ್ಟರು ಕರೆಯುವ ಮೊದಲೇ ಬಂದು, ಹೊಟ್ಟೆ ಒತ್ತಿ ನೋಡಿ, ಸ್ಕ್ಯಾನ್ ಕೂಡ ಮಾಡಿಸಿದರು. ಬರೀ ಬೆನ್ನುನೋವು. ರಾತ್ರಿ ಎಂಟಕ್ಕೆ ಕಾಲು ಮಡಚಿ, ಅಪ್ಪ ತಂದ ಬ್ರೆಡ್ಡು ತಿಂದು ನಿದ್ದೆಹೋದಳು.

ಇದನ್ನೆಲ್ಲ ಬರೆಯಬಹುದೇ ಎಂದರೆ ಅಕ್ಕ ತಲೆಯಾಡಿಸುತ್ತಾರೆ. "ಬರೀರಿ. ಈ ಕೆಲಸಕ್ಕೆ ಹೊಸದಾಗಿ ಸೇರೋ ಹುಡುಗೀರು ಓದ್ಲಿ. ಒತ್ತೋದನ್ನ ಯಾರು ಬೇಕಾದ್ರೂ ಕಲೀತಾರೆ. ಎಲ್ಲರೂ ಹೇಳೋ ಮಾತನ್ನ ಒಬ್ಬರು ಹೇಳಿದಾಗ್ಲೂ ಕಿವಿ ಕೊಡಬೇಕು, ಅದನ್ನ ಕಲಿಯೋಕೆ ನನಗೆ ಒಂದು ಜೀವ ಬೇಕಾಯ್ತು." ನಿವೃತ್ತಿಯಾಗುವುದರೊಳಗೆ ಇಬ್ಬರನ್ನಾದರೂ ತಯಾರು ಮಾಡಬೇಕು, ಅದೊಂದೇ ಆಸೆ ಎನ್ನುತ್ತಾರೆ.

ಅಂದು ಮಗಳು ಮಲಗಿದ ಮೇಲೆ ಕನ್ನಡಕದಂಗಡಿಯವರು ಹೊರಗೆ ಬಂದು ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತರು. ಒತ್ತುವಾಗ ಎಲ್ಲರನ್ನೂ ಮಾತಾಡಿಸ್ತೀರಂತೆ, ನನ್ನವಳು ಅವತ್ತು ಏನು ಮಾತಾಡಿದಳು ಎಂದು ಕೇಳಿದರು. ತನ್ನ ತಪ್ಪಿನ ಜೊತೆ ಆ ಇಪ್ಪತ್ತು ನಿಮಿಷವನ್ನೂ ಅಕ್ಕ ಮುಚ್ಚಿಟ್ಟುಕೊಂಡಿದ್ದರು. ಒಂದಕ್ಷರವೂ ಮರೆತಿರಲಿಲ್ಲ.

"ನಿಮ್ಮ ಮೇಲೇ ದೂರು" ಎಂದರು ಅಕ್ಕ. "ಆಸ್ಪತ್ರೆಗೆ ಅಂತ ಮೂರು ಜೊತೆ ಚಪ್ಪಲಿ ತಂದಿದ್ರಂತೆ, ಮೂರೂ ಅವರ ಕಾಲಿಗೆ ದೊಡ್ಡವು. ಹೆದರಿಕೆ ಇಲ್ಲ ಅಂತ ಹೇಳ್ತಾ ಒಂದೇ ಕನ್ನಡಕನ ಬೆಳಗಿಂದ ಒರೆಸ್ತಿದ್ರಂತೆ. ಆಮೇಲೆ, ನೀವು ಶೇವ್ ಮಾಡ್ಕೊಳ್ತಾ ಹಾಡ್ತೀರಂತಲ್ಲ? ಶ್ರುತಿ ಅನ್ನೋದು ಹತ್ತಿರಕ್ಕೂ ಸುಳಿಯಲ್ವಂತೆ. ಪಕ್ಕದ ಮನೆಯವರಿಗೆ ಕೇಳಿಸಬಾರದು ಅಂತ ದಿನಾ ಬೆಳಿಗ್ಗೆ ಹಜಾರದ ಕಿಟಕಿ ಮುಚ್ಚಿಬಿಡ್ತೀನಿ, ಕೇಳಿದ್ರೆ ಚಳಿ ಅಂತ ಸುಳ್ಳು ಹೇಳ್ತೀನಿ, ಇಪ್ಪತ್ತು ವರ್ಷದಿಂದ ನಂಬ್ಕೊಂಡೇ ಬಂದಿದ್ದಾರೆ ಅಂದ್ರು. ಹೇಳ್ತಾ ಹೇಳ್ತಾ ಎಷ್ಟು ನಕ್ರು ಅಂದ್ರೆ, ಹೊಟ್ಟೆ ಅಲುಗಾಡುತ್ತೆ ಸುಮ್ನಿರಿ ಅಂತ ನಾನು ಬಯ್ಯಬೇಕಾಯ್ತು."

ಕನ್ನಡಕದಂಗಡಿಯವರಿಗೆ ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು. "ಅವಳಿಗೆ ಚಳಿ ಆಗ್ತಿತ್ತು ಅಂತ ನಾನು ಈಗ್ಲೂ ದಿನಾ ಬೆಳಿಗ್ಗೆ ಆ ಕಿಟಕಿ ಮುಚ್ತೀನಿ ಅಕ್ಕಾ" ಎಂದರು.